ಕೀ ಇಸ್ಕೋ ಎಂದ ಕರುಣಾ ಆಂಟಿ

ಕರುಣಾ ಆಂಟಿ ಕಾರಿನೊಳಗೆ ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಮೆರಿಕದಲ್ಲಿ ನಾವಿರುವ ಸ್ಟರ್ಲಿಂಗ್ ಹೈಟ್ಸಿನ ಕನ್ನಡದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಡ್ರೈವಿಂಗ್ ಕಲಿಸಿದವರು ಅವರು. ನಾನು ಕಾರನ್ನು ಫುಟ್‌ಪಾತಿಗೆ ಹತ್ತಿಸಿದರೂ, ಟ್ರಕ್ಕಿನ ಮುಂದೆ ನುಗ್ಗಿಸಿದರೂ, ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು “ಬ್ರೇಕ್” ಅನ್ನುತ್ತಿದ್ದರು, ಚಹಾಕ್ಕೆ ಸಕ್ಕರೆ ಕೇಳುವ ದನಿಯಲ್ಲಿ. ಕಾರು ನಿಂತ ಮೇಲೆ ನನ್ನ ಕಡೆ ತಿರುಗಿ ಹೇಳುವುದನ್ನು ಹೇಳುತ್ತಿದ್ದರು. ಅದು ಮಾತ್ರ ಮೆತ್ತಗಿರುತ್ತಿರಲಿಲ್ಲ.

“ಶೀಲಾ, ನಿನಗ ರಸ್ತಾದ ಹೆದರಿಕಿ ಇಲ್ಲ. ಗಾಡಿಗೆ ಗೀರು ಬಿದ್ರ ಗಂಡ ಏನಂತಾನೋ ಅನ್ನೂ ಹೆದರಿಕಿ ಅದ. ಮದಲ ಅದನ್ನ ಮನ್ಯಾಗ ಬಿಟ್ಟ ಬಾ.”

ಅವರು ಗದಗಿನ ಕಡೆಯವರು. ಇಲ್ಲಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಶನಿವಾರ ಸಂಜೆ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯುವ ನಮ್ಮ ಹತ್ತು ಹನ್ನೆರಡು ಕುಟುಂಬಗಳ ಕನ್ನಡ ಪ್ರಾರ್ಥನಾಕೂಟದಲ್ಲಿ ಬೈಬಲಿನ ವಾಕ್ಯ ಓದುವುದು ಅವರ ಕೆಲಸ. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರಾಗಿ ನಮ್ಮ ಜೊತೆ ಇದ್ದ ನನ್ನ ಅಪ್ಪ ಆ ಕೂಟದ ಹಿರಿಯರು.

ಒಮ್ಮೆ ಬೇರೆ ಊರಿನ ಪಾಸ್ಟರೊಬ್ಬರು ಬಂದು ಉದ್ದೋಉದ್ದ ಪ್ರಾರ್ಥನೆ ಮಾಡಿದರು. ಆಮೇಲೆ ಆಂಟಿ ಅವರಿಗೆ ಊಟದ ತಟ್ಟೆ ಕೊಡುತ್ತಾ, “ದೇವರಿಗೆ ಗೊತ್ತಿದ್ದ ಸುದ್ದೀನ ಅರ್ಧಾ ತಾಸ ಹೇಳಿದ್ರಿ, ಪಾಸ್ಟರ್. ಕೂಸುಗೋಳು ಹಸದಾವ” ಅಂದರು. ಮನೆ ಸೇರುವವರೆಗೂ ನಾವು ಕಾರಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಂಟಿಯ ನೇರ ಮಾತು ನಮಗೆಲ್ಲ ಬಹಳ ಇಷ್ಟ, ಅದು ಬೇರೆಯವರಿಗೆ ತಾಗುತ್ತಿರುವವರೆಗೆ.

ಒಂದು ಫೆಬ್ರವರಿಯಲ್ಲಿ ಆಂಟಿಯ ಕಾರು ರಿಪೇರಿಗೆ ಹೋಗಿತ್ತು. ಕೂಟ ಮುಗಿದ ಮೇಲೆ ಅಪ್ಪ ಅವರನ್ನು ಮನೆಗೆ ಬಿಟ್ಟು ಬಂದರು. ಮರುದಿನ ಮಧ್ಯಾಹ್ನ ಆಂಟಿ ನಮ್ಮ ಮನೆಗೆ ಬಂದರು. ಕೋಟು ಬಿಚ್ಚಲಿಲ್ಲ.

“ನಿಮ್ಮಪ್ಪಾರಿಗೆ ಎಡಗಡೆ ಕಾಣೂದಿಲ್ಲ, ಶೀಲಾ. ಎರಡ ಸ್ಟಾಪ್ ಸೈನ್ ನಿಲ್ಲಲಾರದ ದಾಟಿ ಹೋದ್ರು. ಒಬ್ಬಾಕಿ ಕೂಸಿನ ಗಾಡಿ ತಳ್ಕೊಂಡು ಹೊಂಟಿದ್ಲು, ನಾ ಒದರಿದ ಮ್ಯಾಲೆ ಬ್ರೇಕ್ ಹಾಕಿದ್ರು. ಕೀ ಇಸ್ಕೋ.”

“ಸ್ನೋ ಇತ್ತಲ್ಲ ಆಂಟಿ, ಯಾರಿಗಾದ್ರೂ ಹಾಗಾಗತ್ತೆ.”

“ಸ್ನೋ ಎಲ್ಲಿತ್ತು? ರಸ್ತಾ ಒಣಗಿತ್ತು. ನಿನಗ ಗೊತ್ತದ.”

ನನಗೆ ಗೊತ್ತಿತ್ತು. ಗ್ಯಾರೇಜಿನ ಬಾಗಿಲ ಅಂಚಿಗೆ ಉಜ್ಜಿದ ಗುರುತು ನೋಡಿದ್ದೆ, ಪಕ್ಕದ ಮನೆಯ ಮೇಲ್‌ಬಾಕ್ಸ್ ವಾಲಿದ್ದೂ ನೋಡಿದ್ದೆ. ಆದರೆ ಮಗಳು ರಿಯಾಳನ್ನು ಪಿಯಾನೋ ಕ್ಲಾಸಿಗೆ ಕರೆದುಕೊಂಡು ಹೋಗುವವರು ಅಪ್ಪ, ದಿನಸಿ ತರುವವರು ಅಪ್ಪ. ಕೀ ಇಸಿದುಕೊಂಡರೆ ನನ್ನ ಆಫೀಸಿನ ಗತಿ? ಅಪ್ಪನ ಮುಖ ನೋಡುವುದು ಹೇಗೆ? ಸಿಟ್ಟು ನೆತ್ತಿಗೇರಿತು.

“ನಮ್ಮಪ್ಪನಿಗೆ ವಯಸ್ಸಾಯ್ತು ಅಂತ ಹೇಳೋಕೆ ನೀವ್ಯಾರು ಆಂಟಿ?”

ಆಂಟಿ ಬಾಗಿಲವರೆಗೆ ಹೋಗಿ ನಿಂತರು. “ಕರೇ ಮಾತು ಕೇಳಿದ್ರ ಏನರ ಮಾಡಬೇಕಾಗತದ. ಅದಕ್ಕ ಮಂದಿ ಕೇಳೂದಿಲ್ಲ. ಯೇಸುಸ್ವಾಮಿಗೆ ಮೊಳಿ ಬಡದದ್ದು ಸುಳ್ಳ ಹೇಳಿದ್ದಕ್ಕಲ್ಲ” ಅಂದರು.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಆಂಟಿ ಅಪ್ಪನಿಗೆ ಅವಮಾನ ಮಾಡಿದರು ಎಂದು ಕೂಟದವರಿಗೆಲ್ಲ ಫೋನ್ ಮಾಡಿ ಹೇಳಿದೆ. ವಾಕ್ಯ ಓದುವ ಸರದಿ ಮೆಲ್ಲಗೆ ಬೇರೆಯವರಿಗೆ ಹೋಯಿತು. ಆಂಟಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಹಾಡಿ, ಊಟಕ್ಕೆ ನಿಲ್ಲದೆ ಹೋಗತೊಡಗಿದರು. ಯಾರೂ ನಿಲ್ಲಿ ಅನ್ನಲಿಲ್ಲ.

ಎರಡನೆಯದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಪಿಯಾನೋ ಕ್ಲಾಸಿನ ಟೈಮಿಂಗ್ ಬದಲಾಯಿತು ಎಂದು ಅಪ್ಪನಿಗೆ ಸುಳ್ಳು ಹೇಳಿ, ರಿಯಾಳನ್ನು ನಾನೇ ಕರೆದುಕೊಂಡು ಹೋಗತೊಡಗಿದೆ. “ಐ ಲೈಕ್ ಗೋಯಿಂಗ್ ವಿತ್ ತಾತ” ಎಂದು ಅವಳು ರಂಪ ಮಾಡಿದಳು. ಕೇಳಲಿಲ್ಲ. ನನ್ನ ಮಗಳನ್ನು ಅಪ್ಪನ ಕಾರಿನಿಂದ ಇಳಿಸಿಕೊಂಡೆ. ಕೀ ಅಪ್ಪನ ಜೇಬಿನಲ್ಲೇ ಬಿಟ್ಟೆ.

ಏಪ್ರಿಲ್‌ನಲ್ಲಿ ಅಪ್ಪ ಔಷಧಿ ಅಂಗಡಿಯ ಮುಂದೆ ಎಡಕ್ಕೆ ತಿರುಗಿಸುವಾಗ, ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರಿಗೆ ಕಾರು ಬಡಿಯಿತು. ಸಮೀರಾ ಎಂದು ಹೆಸರು, ಇರಾಕಿನಿಂದ ಬಂದ ಕ್ರೈಸ್ತ ಮನೆತನದವರು. ಸೊಂಟದ ಮೂಳೆ ಪುಡಿಯಾಯಿತು. ಆಮೇಲೆ ಅವರು ಎದ್ದು ನಡೆಯಲಿಲ್ಲ. ಅಪ್ಪ ಕೀ ತಂದು ಮೇಜಿನ ಮೇಲಿಟ್ಟು, “ಒಂದ್ಸಲ ಅವರ ಮನೆಗೆ ಹೋಗಿ ಬರೋಣಮ್ಮ” ಅಂದರು. ಕೇಸು ಮುಗಿಯುವವರೆಗೆ ಆ ಮನೆಯವರ ಜೊತೆ ಮಾತಾಡಬೇಡಿ ಎಂದಿದ್ದರು ವಕೀಲರು. ಆ ಮಾತು ನನಗೆ ಸುವಾರ್ತೆಯಂತೆ ಕೇಳಿಸಿತ್ತು. ಕೇಸು ಮುಗಿದ ಮೇಲೂ ಅಪ್ಪ ಎರಡು ಸಲ ಕೇಳಿದರು. ನಾನು ಬೇಡವೆಂದೆ. ಮುಂದಿನ ವರ್ಷ ಅಪ್ಪ ತೀರಿಕೊಂಡರು.

ಅಷ್ಟರಲ್ಲಿ ಆಂಟಿ ಶಿಕಾಗೋ ಕಡೆಯ ವುಡ್‌ರಿಡ್ಜಿನಲ್ಲಿದ್ದ ಮಗನ ಮನೆಗೆ ಹೋಗಿಯಾಗಿತ್ತು. ಶ್ವಾಸಕೋಶದ ಕಾಯಿಲೆ ಎಂದು ಕೇಳಿ, ಕಳೆದ ಅಕ್ಟೋಬರಿನಲ್ಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ಅವರ ಕಾಲ ಬಳಿ ಕೂತು ಅತ್ತೆ. ಕ್ಷಮಿಸಿ ಆಂಟಿ, ನಿಮ್ಮ ಮಾತು ಕೇಳಬೇಕಿತ್ತು ಅಂದೆ. ಅವರು ನನ್ನ ತಲೆ ನೇವರಿಸಿದರು. ಆಮೇಲೆ ಕೇಳಿದರು:

“ಎಷ್ಟ ತಾಸ ಹಿಡೀತು ಬರಾಕ?”

“ಐದು ಗಂಟೆ ಆಂಟಿ.”

“ಆ ಸಮೀರಾನ ಮನಿ ನಿಮ್ಮನಿಗೆ ಎಷ್ಟ ದೂರ?”

“ಒಂದೂವರೆ ಮೈಲಿ.”

ಆಂಟಿ ಉಸಿರೆಳೆದುಕೊಂಡರು. “ನಾ ಕ್ಷಮಿಸ್ತೀನಂತ ನಿನಗ ಗೊತ್ತಿತ್ತು. ಅದಕ್ಕ ಇಲ್ಲಿಗೆ ಬಂದಿ. ಆಕಿ ಕಡೆ ಹೋಗು, ಶೀಲಾ.”

ಹೋಗ್ತೀನಿ ಅಂದೆ. ವಾಪಸು ಬರುವ ದಾರಿಯುದ್ದಕ್ಕೂ ನನ್ನಲ್ಲಿದ್ದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಅಷ್ಟು ದೂರ ಹೋಗಿ ಅತ್ತವಳಿಗೆ ಒಂದು ಸಮಾಧಾನದ ಮಾತು ಹೇಳಿ ಕಳಿಸಬಾರದಿತ್ತೆ ಅನ್ನಿಸಿತ್ತು.

ಕ್ರಿಸ್ಮಸ್ಸಿಗೆ ಮೊದಲೇ ಆಂಟಿ ತೀರಿಕೊಂಡರು. ನಮ್ಮ ಕೂಟದಲ್ಲಿ ಅವರ ನೆನಪಿಗೆ ಒಂದು ಆರಾಧನೆ ಇಟ್ಟುಕೊಂಡೆವು. ಅವರನ್ನು ಹೆಚ್ಚು ಬಲ್ಲವಳು ನೀನೇ ಎಂದು ಮಾತಾಡಲು ನನ್ನನ್ನೇ ನಿಲ್ಲಿಸಿದರು. ಸತ್ಯ ಹೇಳಲು ಅವರು ಯಾರಿಗೂ ಹೆದರಲಿಲ್ಲ, ನಾವೆಲ್ಲ ಅವರಿಂದ ಕಲಿಯಬೇಕು ಅಂದೆ. ಎಲ್ಲರೂ ಕಣ್ಣೊರೆಸಿಕೊಂಡರು. ಮಾತು ಬಹಳ ಚೆನ್ನಾಗಿತ್ತು ಅಂದರು.

ಮನೆಗೆ ಬರುವಾಗ ಯಾವಾಗಿನಂತೆ ಸುತ್ತು ಬಳಸಿಕೊಂಡು ಬಂದೆ. ಹತ್ತಿರದ ದಾರಿ ಸಮೀರಾರ ಮನೆಯ ಮುಂದೆಯೇ ಹಾದು ಬರುತ್ತದೆ.