ಮುದ್ದೆಯೊಳಗೆ ಬಚ್ಚಿಟ್ಟ ಮಾತ್ರೆ

ಮೊದಲು ಅವನು ಊಟದ ತಟ್ಟೆ ಮೂಸಿ ನೋಡತೊಡಗಿದ.

ಅವನು ತಿಪ್ಪೇಶ, ನನ್ನ ಮಗಳ ಮಗ. ಇಪ್ಪತ್ತೆರಡು ವರ್ಷ. ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗದಲ್ಲೇ ಸೀರೆ ನೇಯುತ್ತಿದ್ದ. ಗೆಳೆಯರ ಜೊತೆ ಗಾಂಜಾ ಸೇದುವುದು ನನಗೆ ಗೊತ್ತಿತ್ತು. ಹುಡುಗುಬುದ್ಧಿ, ಬಿಡುತ್ತಾನೆ ಅಂದುಕೊಂಡಿದ್ದೆ. ಬಿಡಲಿಲ್ಲ. ಒಂದು ದಿನ ಅರ್ಧಕ್ಕೇ ಮಗ್ಗದಿಂದ ಎದ್ದು ಬಂದ.

"ಅಜ್ಜಿ, ಚಾ ಅಂಗಡಿ ಟೇಪ್ ರೆಕಾರ್ಡರ್ ನನ್ ಹೆಸರು ಹೇಳ್ತೈತೆ. ಊಟದಾಗೆ ವಿಷ ಹಾಕ್ತಾರಂತೆ."

"ನಿನಗೆ ಹಾಕಕ್ಕೆ ವಿಷ ಏನ್ ಪುಕ್ಕಟೆ ಬರ್ತೈತಾ?" ಅಂದೆ.

ಅವನು ನಗಲಿಲ್ಲ.

ಚಿತ್ರದುರ್ಗದ ಡಾಕ್ಟರು ಸ್ಕಿಜೋಫ್ರೀನಿಯಾ ಅಂದರು. ಆ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಹೊರಳುವುದಿಲ್ಲ. ಗಾಂಜಾ ನಿಲ್ಲಬೇಕು, ಮಾತ್ರೆ ತಪ್ಪಬಾರದು ಅಂದರು. ಇವನು ಮನೆಗೆ ಬಂದು ಮಾತ್ರೆಯನ್ನು ಮೋರಿಗೆ ಉಗಿದ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅದಕ್ಕೇ ಮಾತ್ರೆಯನ್ನು ಮುದ್ದೆಯೊಳಗಿಟ್ಟು ಕೊಟ್ಟೆ. ಹದಿನೈದು ದಿನ ನುಂಗಿದ. ನಿದ್ದೆ ಬಂತು, ಮತ್ತೆ ಮಗ್ಗಕ್ಕೆ ಕೂತ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಹದಿನಾರನೇ ದಿನ ತುತ್ತು ಮುರಿದಾಗ ಬಿಳಿ ಚೂರು ಕಂಡುಬಿಟ್ಟಿತು.

ಅವನ ಭಯವನ್ನು ನಾನೇ ನಿಜ ಮಾಡಿದ್ದೆ.

ಮೂರು ದಿನ ಮನೆಯ ನೀರನ್ನೂ ಮುಟ್ಟಲಿಲ್ಲ. ಚಳ್ಳಕೆರೆಯಲ್ಲಿ ಬಸ್ ಬದಲಿಸಿ ಹೋಗಿ ಡಾಕ್ಟರಿಗೆ ಹೇಳಿದೆ. "ಕದ್ದು ಕೊಡಬೇಡಿ ಅಜ್ಜಿ. ಹೋಗಿ ಅವನಿಗೆ ನಿಜ ಹೇಳಿ" ಅಂದರು. ತಪ್ಪಾಯಿತು ಅಂತ ಯಾರ ಮುಂದೆಯೂ ಅಂದವಳಲ್ಲ ನಾನು. ಅವನ ಮುಂದೆ ಅಂದೆ.

"ಹಾಕಿದ್ದು ನಾನೇ ಕಣೋ. ವಿಷ ಅಲ್ಲ, ಮಾತ್ರೆ. ನಿನಗೆ ಹೇಳದೆ ಹಾಕಿದ್ದು ತಪ್ಪು."

ಅವನು ಕೈ ಚಾಚಿದ.

"ಮಾತ್ರೆ ನನ್ ಕೈಗೆ ಕೊಡು. ಮುದ್ದೆ ನನ್ನೆದ್ರಿಗೇ ಮಾಡು."

ಒಲೆಯ ಮುಂದೆ ಕೂತು, ಹಿಟ್ಟು ಸುರಿಯುವುದರಿಂದ ಹಿಡಿದು ಎಲ್ಲ ನೋಡಿದ. ನನಗೆ ಮೊದಲ ತುತ್ತು ತಿನ್ನಿಸಿದ. ಆಮೇಲೆ ಮಾತ್ರೆ ನುಂಗಿದ, ಉಂಡ.

ವರ್ಷವಿಡೀ ಹೀಗೇ ನಡೆಯಿತು. ನಡುವೆ ಎರಡು ಸಲ ಗಾಂಜಾ ಸೇದಿದ. ತಾನೇ ಬಂದು ಹೇಳಿದ. ಬೈದೆ. ಬೈಸಿಕೊಂಡು ಮತ್ತೆ ಬಿಟ್ಟ. ಕಿವಿಯಲ್ಲಿ ಕೇಳುವ ದನಿಗಳು ಪೂರಾ ಹೋಗಿಲ್ಲವಂತೆ. ಊಟಕ್ಕೆ ಕೂತರೆ ಈಗಲೂ ಬೇಡ ಬೇಡ ಅನ್ನುತ್ತವಂತೆ.

"ಮತ್ತೆ ಹೆಂಗ್ ಉಣ್ತೀಯೋ?"

"ಅವು ಅಂತಾವೆ, ನಾನು ಉಣ್ತೀನಿ."

ತಟ್ಟೆಯಲ್ಲಿ ವಿಷ ಇದೆ ಅಂತ ದಿನಾ ಯಾರಾದರೂ ಕಿವಿಯಲ್ಲಿ ಹೇಳಿದ್ದರೆ ನಾನು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ನನಗೆ ಅಷ್ಟು ಗುಂಡಿಗೆ ಇಲ್ಲ. ಅವನಿಗಿದೆ.

ನಿನ್ನೆ ಮಗ್ಗದಿಂದ ಏಳುವುದು ತಡವಾಯಿತು. ಅವನು ಬರುವಷ್ಟರಲ್ಲಿ ಮುದ್ದೆ ಮಾಡಿ ಮುಚ್ಚಿಟ್ಟಿದ್ದೆ. ಮುಚ್ಚಳ ತೆಗೆದ. ನನ್ನ ಮುಖ ನೋಡಿದ.

ಕೂತು ಉಂಡ.