ಹನುಮಪ್ಪನ ಮುಡಿಪು, ಲಿಫ್ಟಿನ ಹಗ್ಗ

ಮಂಡ್ಯದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ನಾನು ಒಳಗಿದ್ದಾಗಲೇ ಜಾರಿತು. ಹೆಚ್ಚೇನಲ್ಲ, ಒಂದು ಗೇಣು ಇರಬಹುದು. ಆಮೇಲೆ ದಡಕ್ಕನೆ ನಿಂತಿತು. ಕೈಯಲ್ಲಿದ್ದ ಹಾಲಿನ ಪಾಕೆಟ್ಟು ಒಡೆದಿದೆಯೇ ಎಂದು ನೋಡಿದೆ; ಒಡೆದಿರಲಿಲ್ಲ. ಮತ್ತೊಮ್ಮೆ ನೋಡಿದೆ. ಹೊರಗೆ ಬಂದವನೇ ಫೋನ್ ಮಾಡಿದೆ. ಮೆಕ್ಯಾನಿಕ್ ಬಂದು, ಉಕ್ಕಿನ ಹಗ್ಗ ಬದಲಾಯಿಸುವವರೆಗೆ ಯಾರೂ ಹತ್ತಬಾರದೆಂದು ಬಾಗಿಲಿಗೆ ಬೀಗ ಹಾಕಿಸಿದ.

ಹಗ್ಗಕ್ಕೆ ದುಡ್ಡಿತ್ತು. ತೊಂದರೆ ಇದ್ದದ್ದೇ ಅಲ್ಲಿ. ನಾನು ಮನೆ ಮಾಲೀಕರ ಸಂಘದ ಖಜಾಂಚಿ. ದೊಡ್ಡ ರಿಪೇರಿಗೆಂದು ಪ್ರತಿ ಮನೆಯಿಂದ ಎತ್ತಿಟ್ಟ ಮೀಸಲು ನಿಧಿ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿತ್ತು. ಮೊದಲೆಲ್ಲ ಗಣೇಶನ ಪೆಂಡಾಲು, ಹೊಸ ವರ್ಷದ ಬಾಡೂಟ ಎಂದು ಎಲ್ಲರ ಕಣ್ಣೂ ಅದರ ಮೇಲೇ. ಬೇಸತ್ತ ನಮ್ಮ ಅಧ್ಯಕ್ಷರು, ದುದ್ದದ ಕಡೆಯವರು, ಒಂದು ಸಭೆಯಲ್ಲಿ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮೀಟರ್ ಬೋರ್ಡಿನ ಮೇಲೆ ತೂಗುಹಾಕಿದರು.

"ಈ ದುಡ್ಡು ಮುತ್ತತ್ತಿ ಅನುಮಪ್ಪಂಗೆ ಮುಡಿಪು ಕಣ್ರಪ್ಪಾ. ಇನ್ ಯಾವನ್ ಮುಟ್ತಾನೋ ಮುಟ್ಲಿ!"

ಅಂದಿನಿಂದ ಬಾಡೂಟದ ಮಾತೇ ನಿಂತುಹೋಯಿತು. ವಾರ್ಷಿಕ ವರದಿಯಲ್ಲಿ ನಾನು ಮೀಸಲು ನಿಧಿಯ ಮೊತ್ತ ಓದಿದರೆ ಹಿಂದಿನ ಸಾಲಿನವರು ಕೈ ಮುಗಿಯುತ್ತಿದ್ದರು. ಅಷ್ಟು ಭಕ್ತಿಯಿಂದ ಲೆಕ್ಕ ಕೇಳಿದ ಸಭೆ ಇನ್ನೊಂದಿರಲಾರದು.

ಈಗ ಹಗ್ಗದ ಚೆಕ್ಕಿಗೆ ಇಬ್ಬರ ರುಜು ಬೇಕು; ನನ್ನದು ಬಿತ್ತು, ಅಧ್ಯಕ್ಷರದು ಬೀಳಲಿಲ್ಲ.

"ಮುಡಿಪು ಮುಟ್ಟಾಕಾಯ್ತದಾ? ನಂಗೂ ಮಕ್ಳುಮರಿ ಅವೆ."

"ಕಟ್ಟಿದವರು ನೀವೇ ಅಲ್ಲವಾ?"

"ಅದ್ಕೇ ಭಯ ಕಣ್ರೀ!"

ಮೂರನೇ ಮಹಡಿಯಲ್ಲಿ, ಹಿಂದೆ ಮಳವಳ್ಳಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಹೆಂಗಸೊಬ್ಬರಿದ್ದರು. ಮಂಡಿ ಆಪರೇಷನ್ ಆಗಿತ್ತು. ಗುರುವಾರ ಹೊಲಿಗೆ ಬಿಚ್ಚಿಸಲು ಆಸ್ಪತ್ರೆಗೆ ಹೋಗಲೇಬೇಕು. ಮೆಟ್ಟಿಲು ಇಳಿಯುವ ಹಾಗಿಲ್ಲ. ಕುರ್ಚಿಯಲ್ಲಿ ಹೊತ್ತು ಇಳಿಸುತ್ತೇವೆ ಎಂದವರಿಗೆ, "ನಾನೇನು ಉತ್ಸವಮೂರ್ತಿಯೇನ್ರಲಾ? ನೀವು ಕೆಡುವುದ್ರೆ ಇನ್ನೊಂದು ಮಂಡೀನೂ ಓಯ್ತದೆ" ಎಂದರು.

ಕೊನೆಗೆ ಸಭೆ ಅವರ ಬಾಗಿಲ ಮುಂದೆಯೇ ಸೇರಿತು. ಮೂರು ಮಹಡಿ ಹತ್ತಿದ ಅಧ್ಯಕ್ಷರು ಏದುಸಿರಿನ ನಡುವೆಯೇ ಮುಡಿಪಿನ ಮಾತು ತೆಗೆದರು. ಆಕೆ ವಾಕರ್ ಹಿಡಿದು ಕೇಳಿಸಿಕೊಂಡರು.

"ಅನುಮಪ್ಪ ಸಮುದ್ರಾನೇ ಆರ್‌ದೋನು ಕಣಪ್ಪಾ. ಅವ್ನಿಗ್ಯಾಕೆ ಲಿಫ್ಟಿನ ದುಡ್ಡು? ಆರಕ್ಕಾಗ್ದೆ ಕೂತಿರೋಳು ನಾನು. ತಪ್ಪುಕಾಣಿಕೆ ಕಟ್ಬುಟ್ಟು ಬಿಚ್ಚು ಅತ್ಲಾಗೆ!"

ಹರಕೆ ಹೆಚ್ಚುಕಮ್ಮಿಯಾದರೆ ದೇವರಿಗೆ ಕಟ್ಟುವ ಆ ಸಣ್ಣ ದಂಡ ಅಧ್ಯಕ್ಷರಿಗೆ ಹೊಳೆದೇ ಇರಲಿಲ್ಲ. ಮುಖ ಅರಳಿತು. "ಬರ್ಕೊಳ್ರೀ ಖರ್ಚಿಗೆ" ಎಂದು ನನ್ನ ಕಡೆ ತಿರುಗಿದರು.

"ಸಂಘದ ದುಡ್ಡಲ್ಲಿ ಆಗಲ್ಲ. ನಿಮ್ಮ ಜೇಬಿನಿಂದ" ಎಂದೆ.

ಕಾಣಿಕೆ ಅವರ ಜೇಬಿನಿಂದಲೇ ಬಂತು. ರುಜುವೂ ಬಿತ್ತು.

ಗುರುವಾರ ಬೆಳಿಗ್ಗೆ ಹೊಸ ಹಗ್ಗದ ಲಿಫ್ಟಿನಲ್ಲಿ ಆಕೆಯ ಜೊತೆ ನಾನೂ ಇಳಿದೆ. ಕಂಬಿಯನ್ನು ಬಿಗಿಯಾಗಿ ಹಿಡಿದ ನನ್ನ ಕೈ ನೋಡಿ ಆಕೆ ನಕ್ಕರು. "ಯಾಕಪ್ಪಾ ಖಜಾಂಚಿ, ದುಡ್ಡು ಕೊಟ್ಟೋನೇ ನಂಬ್ದಿದ್ರೆ ಎಂಗೆ?"

ಎಲ್ಲೂ ಜಾರಲಿಲ್ಲ. ಕೆಳಗೆ ಬಾಗಿಲು ತೆರೆದಾಗ ಅಧ್ಯಕ್ಷರು ಮೀಟರ್ ಬೋರ್ಡಿನ ಬಳಿ, ಉಳಿದ ದುಡ್ಡಿಗೆಂದು ಹೊಸ ಹಳದಿ ಬಟ್ಟೆ ಹಿಡಿದು ನಿಂತಿದ್ದರು.

ಆಕೆ ಆಟೋ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಲೇ ಗದರಿದರು: "ಈ ಸಲ ದ್ಯಾವ್ರ ಎಸ್ರು ಬ್ಯಾಡ ಕಣಪ್ಪಾ. ಲಿಫ್ಟಿಗೇ ಅಂತ ಕಟ್ಟು!"