ಸುಬ್ಬಣ್ಣನ ಸ್ವರದಲ್ಲಿ ಮೂರನೇ ಓವರ್

ತಪ್ಪು ನನ್ನದೇ. ಊರಿನವರ ಸ್ವರವನ್ನೆಲ್ಲ ಅನುಕರಿಸುವ ನನಗೆ ಫೈನಲ್‌ನ ಹೊತ್ತಿನಲ್ಲೂ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ತ್ರಾಸಿಯ ಮೈದಾನದಲ್ಲಿ ನಾವುಂದ ಊರಿನ ತಂಡದ ಎದುರು ಕೊನೆಯ ಓವರ್. ಗೆಲ್ಲಲು ಅವರಿಗೆ ಎಂಟು ರನ್ ಸಾಕು. ಏಕದಿನದಲ್ಲಿ ಒಬ್ಬ ಬೌಲರಿಗೆ ಹತ್ತು ಓವರ್, ಟಿ-ಟ್ವೆಂಟಿಯಲ್ಲಿ ನಾಲ್ಕು, ಟೆಸ್ಟ್‌ನಲ್ಲಿ ಲೆಕ್ಕವೇ ಇಲ್ಲ. ನಮ್ಮ ಆರು ಓವರಿನ ಪಂದ್ಯದಲ್ಲಿ ಎರಡೇ. ನನ್ನ ಎರಡೂ ಮುಗಿದಿದ್ದವು. ಆದರೂ ಚೆಂಡು ಹಿಡಿದು ನಿಂತೆ, ಉಳಿದವರ ಮೇಲೆ ನನಗೆ ನಂಬಿಕೆ ಇರಲಿಲ್ಲ. ನನ್ನ ಮೇಲೆ ಇತ್ತೆಂಬುದೇ ತಮಾಷೆ.

ಚೆಂಡಿಗೆ ವೇಗವಿಲ್ಲದಿದ್ದರೂ ನನ್ನ ಓಟ ಭಾರಿ ಉದ್ದ. ಸ್ಕೋರ್ ಬರೆದು ಮೈಕಿನಲ್ಲಿ ಹೇಳುವ ಸುಬ್ಬಣ್ಣನ ಮೇಜಿನ ಹತ್ತಿರದಿಂದಲೇ ಶುರು. ಅಂಪೈರಿಗೆ ಅನುಮಾನ ಬಂದು, "ಹ್ವಾಯ್ ಸುಬ್ಬಣ್ಣ, ಇವನ್ದ್ ಎಷ್ಟ್ ಓವರ್ ಆಯ್ತ್?" ಎಂದು ಕೂಗಿದರು. ನಾನು ಬೆನ್ನು ತಿರುಗಿಸಿ, ಸುಬ್ಬಣ್ಣನದೇ ಒಡಕು ಸ್ವರದಲ್ಲಿ, "ಒಂದೇ ಆದ್ದ್, ಹಾಕ್ಲಿ ಮಾರಾಯ್ರೆ" ಎಂದೆ.

ಅಂಪೈರ್ ತಲೆಯಾಡಿಸಿಯೇ ಬಿಟ್ಟರು. ನಗು ತಡೆಯಲಾಗದೆ, ಓಡುತ್ತ ಓಡುತ್ತ ನನ್ನ ಹೆಜ್ಜೆಯೇ ತಪ್ಪಿತು.

ತನ್ನ ಸ್ವರವನ್ನು ತಾನೇ ಕೇಳಿ ಬೆಪ್ಪಾಗಿ ಕುಳಿತಿದ್ದ ಸುಬ್ಬಣ್ಣ ಅಷ್ಟರಲ್ಲಿ ಮೈಕ್ ಎತ್ತಿಕೊಂಡರು.

"ಅಂಪೈರ್ರೆ, ಆ ಮಾಣಿ ಕೈಗೆ ಎರಡೇ ಓವರ್, ಅದ್ ಮುಗೀತ್. ಈಗ ಟೆಸ್ಟ್ ಮ್ಯಾಚ್ ಆಡ್ತಾ ಇಪ್ಪುದ್ ಅವನ ಬಾಯಿ."